ಎಸಿ ಪಂಪ್ ಕೈಕೊಟ್ಟಾಗ: ಹಳೆಯ ಮಾರುತಿ 800ರ ಪೆಟ್ರೋಲ್ ಪಂಪನ್ನು ಮನೆಯಲ್ಲೇ ಬದಲಿಸುವ ಬಗೆ

ಬೇಸಿಗೆಯ ಮಧ್ಯಾಹ್ನ ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಹಳೆಯ ಕಾರು, ಅದರ ಇಂಜಿನ್ನಿಗೆ ಅಂಟಿಕೊಂಡಿರುವ ಅಂಗೈಯಗಲದ ಲೋಹದ ಡಬ್ಬಿಯ ಮೇಲೆ ಹೊದಿಸಿದ ಒದ್ದೆ ಟವೆಲ್ಲು, ಪಕ್ಕದ ಕಲ್ಲಿನ ಮೇಲೆ ಕುಳಿತು ಕಾಯುತ್ತಿರುವ ಮನೆಮಂದಿ: ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದೆ ಘಟ್ಟ ಹತ್ತಿಳಿದವರಿಗೆಲ್ಲ ಇದು ಪರಿಚಿತವಾದ ನೋಟ. ಆ ಡಬ್ಬಿಯೇ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು, ಅದನ್ನು ಗಾಳಿಯೊಡನೆ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರಿಗೆ ತಲುಪಿಸುವ ಪಂಪು. ನಮ್ಮ ಗ್ಯಾರೇಜುಗಳಲ್ಲಿ ಅದನ್ನು ಎಸಿ ಪಂಪ್ ಎನ್ನುತ್ತಾರೆ. ತಂಪು ಗಾಳಿಯ ಎಸಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆಲ್ಬರ್ಟ್ ಚಾಂಪಿಯನ್ ಎಂಬವರ ಹೆಸರಿನ ಮೊದಲಕ್ಷರಗಳನ್ನೇ ಗುರುತಾಗಿ ಹೊತ್ತ ಅಮೆರಿಕದ ಕಂಪನಿಯ ಪಂಪುಗಳು ಒಂದು ಕಾಲಕ್ಕೆ ಎಷ್ಟು ಹರಡಿದ್ದವೆಂದರೆ, ಆ ಗುರುತೇ ವಸ್ತುವಿನ ಹೆಸರಾಗಿ ಉಳಿದುಬಿಟ್ಟಿತು.

ಈ ಬರಹ ಮುಖ್ಯವಾಗಿ ಕಾರ್ಬೊರೇಟರ್ ಇರುವ ಮಾರುತಿ 800ನ್ನು ಕುರಿತದ್ದು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಈ ಕಾರಿನ ಮೊದಲ ಅರ್ಧ ಆಯುಷ್ಯವೆಲ್ಲ ಕಾರ್ಬೊರೇಟರಿನದು. ಪೆಟ್ರೋಲನ್ನು ಎಲೆಕ್ಟ್ರಾನಿಕ್ ಹತೋಟಿಯಲ್ಲಿ ಚಿಮ್ಮಿಸುವ ಎಂಪಿಎಫ್‌ಐ ಬಂದದ್ದು ಆಮೇಲೆ. ಪ್ರೀಮಿಯರ್ ಪದ್ಮಿನಿ ಮತ್ತು ಅಂಬಾಸಿಡರ್ ಪೆಟ್ರೋಲ್ ಕಾರುಗಳ ಪಂಪು ಕೂತಿರುವ ಜಾಗ ಬೇರೆಯಾದರೂ ಕೆಲಸ ಮಾಡುವ ರೀತಿ ಒಂದೇ ಆದ್ದರಿಂದ, ಇಲ್ಲಿ ಹೇಳುವ ಹೆಚ್ಚಿನ ಮಾತು ಅವಕ್ಕೂ ಸಲ್ಲುತ್ತದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪಂಪನ್ನು ಬಿಚ್ಚಿ ಇನ್ನೊಂದನ್ನು ಕೂರಿಸುವುದು ಅರ್ಧ ಗಂಟೆಯ ಕೆಲಸ, ಅದಕ್ಕೆ ದೊಡ್ಡ ಕೈಚಳಕ ಬೇಕಿಲ್ಲ. ಕಷ್ಟವಿರುವುದು ಕೆಟ್ಟದ್ದು ಪಂಪೇ ಎಂದು ಖಾತ್ರಿ ಮಾಡಿಕೊಳ್ಳುವುದರಲ್ಲಿ. ಆ ಖಾತ್ರಿ ಬರಬೇಕಾದರೆ ಡಬ್ಬಿಯೊಳಗೆ ಏನು ನಡೆಯುತ್ತದೆಂಬುದು ಗೊತ್ತಿರಬೇಕು.

ಪಂಪಿನ ಹೊಟ್ಟೆಯಲ್ಲಿ ರಬ್ಬರು ಲೇಪಿಸಿದ ಬಟ್ಟೆಯ ಒಂದು ಪೊರೆ ಇದೆ, ಇದೇ ಡಯಾಫ್ರಂ. ಪೊರೆಯ ಒಂದು ಬದಿಯಲ್ಲಿ ಪೆಟ್ರೋಲು, ಇನ್ನೊಂದು ಬದಿಯಲ್ಲಿ ಒಂದು ಸ್ಪ್ರಿಂಗು ಮತ್ತು ಇಂಜಿನ್ನಿನೊಳಕ್ಕೆ ಚಾಚಿದ ಒಂದು ತೋಳು. ಕ್ಯಾಮ್‌ಶಾಫ್ಟ್ ಎಂಬ ಉಬ್ಬುಗಳಿರುವ ದಂಡ ತಿರುಗುವಾಗ ಅದರ ಮೇಲಿನ ಒಂದು ಉಬ್ಬು ಈ ತೋಳನ್ನು ಒತ್ತುತ್ತದೆ, ತೋಳು ಪೊರೆಯನ್ನು ಹಿಂದಕ್ಕೆ ಎಳೆಯುತ್ತದೆ, ಎಳೆದಾಗ ಉಂಟಾದ ಖಾಲಿ ಜಾಗಕ್ಕೆ ಟ್ಯಾಂಕಿನಿಂದ ಪೆಟ್ರೋಲು ನುಗ್ಗುತ್ತದೆ. ಉಬ್ಬು ದಾಟಿದ ಮೇಲೆ ಸ್ಪ್ರಿಂಗು ಪೊರೆಯನ್ನು ಮತ್ತೆ ಮುಂದಕ್ಕೆ ನೂಕಿ ಪೆಟ್ರೋಲನ್ನು ಕಾರ್ಬೊರೇಟರಿನ ಕಡೆಗೆ ತಳ್ಳುತ್ತದೆ. ಒಳಬಂದದ್ದು ಹಿಂದಕ್ಕೆ ಹೋಗದಂತೆ, ಹೊರಹೋದದ್ದು ಮರಳಿ ಬರದಂತೆ ತಡೆಯಲು ನಾಲ್ಕಾಣೆಗಿಂತ ಚಿಕ್ಕದಾದ ಎರಡು ವಾಲ್ವುಗಳಿವೆ. ಕ್ಯಾಮ್‌ಶಾಫ್ಟ್ ಇಂಜಿನ್ನಿನ ಅರ್ಧ ವೇಗದಲ್ಲಿ ಸುತ್ತುವುದರಿಂದ, ಇಂಜಿನ್ನು ನಿಮಿಷಕ್ಕೆ 800 ಸುತ್ತಿನಲ್ಲಿ ಗುನುಗುತ್ತಿರುವಾಗ ಪಂಪು ನಿಮಿಷಕ್ಕೆ 400 ಬಾರಿ, 4000 ಸುತ್ತಿನಲ್ಲಿ ಓಡುವಾಗ 2000 ಬಾರಿ ಉಸಿರೆಳೆದು ಬಿಡುತ್ತದೆ.

ಇಲ್ಲಿರುವ ಜಾಣ್ಮೆಯನ್ನು ಗಮನಿಸಬೇಕು. ಪೆಟ್ರೋಲನ್ನು ಎಳೆಯುವುದು ಇಂಜಿನ್ನು, ಆದರೆ ತಳ್ಳುವುದು ಇಂಜಿನ್ನಲ್ಲ, ಸ್ಪ್ರಿಂಗು. ಹಾಗಾಗಿ ಕಾರು ಎಷ್ಟೇ ವೇಗವಾಗಿ ಓಡಿದರೂ ಕಾರ್ಬೊರೇಟರಿನ ಮೇಲೆ ಬೀಳುವ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರುವುದಿಲ್ಲ. ಆ ಒತ್ತಡ ಸಾಮಾನ್ಯವಾಗಿ 3ರಿಂದ 5 ಪಿಎಸ್‌ಐ. ನಮ್ಮ ಟೈರಿನಲ್ಲಿರುವ ಗಾಳಿಯ ಒತ್ತಡದ ಐದನೆಯ ಒಂದು ಭಾಗವೆಂದುಕೊಂಡರೂ ಸರಿಯೇ. ಕಾರ್ಬೊರೇಟರಿನ ಬಟ್ಟಲು ತುಂಬಿ, ಅದರಲ್ಲಿ ತೇಲುವ ಫ್ಲೋಟು ಮೇಲೆದ್ದು ಸೂಜಿ ಮುಚ್ಚಿಕೊಂಡಾಗ, ಪೆಟ್ರೋಲಿಗೆ ಹೋಗಲು ದಾರಿ ಇರುವುದಿಲ್ಲ. ಸ್ಪ್ರಿಂಗು ಅದುಮಿಕೊಂಡೇ ಉಳಿಯುತ್ತದೆ, ಪೊರೆ ಹಿಂದೆಯೇ ನಿಲ್ಲುತ್ತದೆ, ತೋಳು ಮಾತ್ರ ಏನನ್ನೂ ಎಳೆಯದೆ ಸುಮ್ಮನೆ ಅಲ್ಲಾಡುತ್ತಿರುತ್ತದೆ. ಬಟ್ಟಲಿನ ಮಟ್ಟ ಇಳಿದು ಸೂಜಿ ತೆರೆದ ಕ್ಷಣ ಸ್ಪ್ರಿಂಗು ಮತ್ತೆ ತಳ್ಳುತ್ತದೆ. ಯಾವ ತಂತಿಯೂ, ಸ್ವಿಚ್ಚೂ ಇಲ್ಲದೆ, ಬೇಕಾದಷ್ಟನ್ನೇ ಬಡಿಸುವ ಏರ್ಪಾಡು ಇದು.

ಇದು ಅರ್ಥವಾದರೆ ಕೆಡುವ ಬಗೆಗಳೂ ತಾವಾಗಿ ತಿಳಿಯುತ್ತವೆ. ಸ್ಪ್ರಿಂಗು ಸೋತರೆ ಅಥವಾ ತೋಳಿನ ತುದಿ ಸವೆದರೆ ಪ್ರತಿ ಬಡಿತದಲ್ಲೂ ಸಾಗುವ ಪೆಟ್ರೋಲು ಕಡಿಮೆಯಾಗುತ್ತದೆ. ಊರೊಳಗೆ ಓಡಾಡುವಾಗ ಏನೂ ಗೊತ್ತಾಗದ ಕಾರು, ಏರು ಹತ್ತುವಾಗ ಇಲ್ಲವೇ ಹೆದ್ದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕುಗ್ಗುತ್ತದೆ, ಮಿಸ್ ಹೊಡೆಯುತ್ತದೆ, ನಿಂತು ಐದು ನಿಮಿಷ ಬಿಟ್ಟರೆ ಏನೂ ಆಗದಂತೆ ಹೊರಡುತ್ತದೆ. ವಾಲ್ವುಗಳು ಸರಿಯಾಗಿ ಮುಚ್ಚದಿದ್ದರೆ ರಾತ್ರಿಯಿಡೀ ಪೈಪಿನ ಪೆಟ್ರೋಲು ಟ್ಯಾಂಕಿಗೆ ಜಾರಿ, ಬೆಳಗ್ಗೆ ಬ್ಯಾಟರಿ ಸುಸ್ತಾಗುವಷ್ಟು ಸೆಲ್ಫ್ ಹೊಡೆಯಬೇಕಾಗುತ್ತದೆ. ಪೊರೆ ಹರಿದರೆ ಪೆಟ್ರೋಲು ಎರಡು ದಾರಿ ಹಿಡಿಯಬಹುದು. ಪಂಪಿನ ಅಡಿಯ ಸಣ್ಣ ತೂತಿನಿಂದ ಹೊರಗೆ ತೊಟ್ಟಿಕ್ಕಬಹುದು, ಇಲ್ಲವೇ ತೋಳಿನ ದಾರಿಯಾಗಿ ಇಂಜಿನ್ನಿನೊಳಕ್ಕೆ ಇಳಿದು ಆಯಿಲಿನೊಂದಿಗೆ ಬೆರೆಯಬಹುದು. ಹೊರಗೆ ಸೋರಿದರೆ ಬೆಂಕಿಯ ಭಯ, ಆದರೆ ಕಣ್ಣಿಗೂ ಮೂಗಿಗೂ ತಿಳಿಯುತ್ತದೆ. ಒಳಗೆ ಸೋರಿದ್ದು ತಿಳಿಯುವುದೇ ಇಲ್ಲ. ತೆಳುವಾದ ಆಯಿಲು ಬೇರಿಂಗುಗಳನ್ನು ಸದ್ದಿಲ್ಲದೆ ತಿನ್ನುತ್ತದೆ. ಆದ್ದರಿಂದ ಪಂಪಿನ ಮೇಲೆ ಅನುಮಾನ ಬಂದ ದಿನ ಮೊದಲು ಮಾಡಬೇಕಾದದ್ದು ಆಯಿಲಿನ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡುವುದು. ಆಯಿಲು ಕಡಿಮೆಯಾಗುವ ಬದಲು ಮೇಲಿನ ಗುರುತನ್ನು ದಾಟಿದ್ದರೆ, ಬೆರಳಿಗೆ ನೀರುನೀರಾಗಿ ಹತ್ತಿ ಪೆಟ್ರೋಲಿನ ವಾಸನೆ ಬಂದರೆ, ಕಾರನ್ನು ಅಲ್ಲಿಂದ ಒಂದು ಫರ್ಲಾಂಗು ಕೂಡ ಓಡಿಸಬಾರದು.

ಈಚೆಗೆ ಪೊರೆಗಳು ಬೇಗ ಕೆಡುತ್ತಿವೆಯೆಂದು ಹಳೆಯ ಕಾರಿನವರು ದೂರುವಾಗ ಎಥನಾಲಿನ ಮಾತು ಬಂದೇ ಬರುತ್ತದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ದೇಶದಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಎಥನಾಲ್ ಕೆಲವು ಬಗೆಯ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ್ದ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತಂದು ಸುರಿಯುತ್ತದೆ. ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಮೂವತ್ತು ವರ್ಷದ ರಬ್ಬರು ಯಾವ ಪೆಟ್ರೋಲಿನಲ್ಲಿದ್ದರೂ ಒಂದು ದಿನ ಬಿರಿಯಬೇಕಾದದ್ದೇ. ಆದರೆ ಹೊಸ ಪಂಪು ಹಾಕುವಾಗ ಪೈಪುಗಳನ್ನೂ ಎಥನಾಲ್ ತಡೆಯುವಂಥವುಗಳಿಗೆ ಬದಲಿಸಬೇಕೆಂಬುದಕ್ಕೆ ಇದು ಸಾಕಷ್ಟು ಕಾರಣ.

ಈಗ ತಪಾಸಣೆಯ ಮಾತು. ಹಲವು ವರ್ಷಗಳ ಹಿಂದೆ ನಾನು ಹೊಸ ಪಂಪು ಹಾಕಿಸಿಕೊಂಡು ಹೊರಟ ಮೂರನೆಯ ದಿನವೇ ಕಾರು ಮತ್ತೆ ಅದೇ ಏರಿನಲ್ಲಿ ಅದೇ ರೀತಿ ನಿಂತಿತು. ಕೊನೆಗೆ ಸಿಕ್ಕಿದ ಕಳ್ಳನೆಂದರೆ ಟ್ಯಾಂಕಿನ ಬಾಯಿಗೆ ಸಿಕ್ಕಿಸಿದ ಮೋಟು ರಬ್ಬರು ಪೈಪು. ಕ್ಲಿಪ್ಪಿನ ಅಂಚಿನಲ್ಲಿ ಕೂದಲೆಳೆಯ ಬಿರುಕು. ಹೊರಗೆ ಒಂದು ಹನಿಯೂ ಸೋರಿರಲಿಲ್ಲ. ಸೋರುವುದೂ ಇಲ್ಲ, ಏಕೆಂದರೆ ಟ್ಯಾಂಕಿಗೂ ಪಂಪಿಗೂ ನಡುವಿನ ಪೈಪಿನಲ್ಲಿ ಇರುವುದು ಒತ್ತಡವಲ್ಲ, ಎಳೆತ. ಬಿರುಕಿದ್ದರೆ ಅಲ್ಲಿಂದ ಪೆಟ್ರೋಲು ಹೊರಬರುವ ಬದಲು ಗಾಳಿ ಒಳಹೋಗುತ್ತದೆ, ಪಂಪು ಪೆಟ್ರೋಲಿನ ಬದಲು ಗಾಳಿಯನ್ನೇ ಕುಡಿಯುತ್ತಿರುತ್ತದೆ. ಎಳನೀರಿನ ಸ್ಟ್ರಾಗೆ ತೂತು ಬಿದ್ದಾಗ ಆಗುವುದೂ ಇದೇ. ಚೆನ್ನಾಗಿದ್ದ ಪಂಪನ್ನು ನಾನು ಗುಜರಿಗೆ ಹಾಕಿದ್ದೆ.

ಆದಕಾರಣ ಪಂಪನ್ನು ಮುಟ್ಟುವ ಮೊದಲು ಅಗ್ಗದ ಅನುಮಾನಗಳನ್ನೆಲ್ಲ ತೀರಿಸಿಕೊಳ್ಳಬೇಕು. ಪ್ಲಗ್ಗಿಗೆ ಕರೆಂಟು ಬರುತ್ತಿದೆಯೇ ಎಂಬುದು ಮೊದಲನೆಯದು. ಕರೆಂಟಿನ ತೊಂದರೆಯನ್ನು ಪೆಟ್ರೋಲಿನ ತೊಂದರೆ ಎಂದು ತಿಳಿದು ಮೋಸಹೋದವರಿಗೆ ಲೆಕ್ಕವಿಲ್ಲ. ಆಮೇಲೆ ಫಿಲ್ಟರು, ಅದರ ಬೆಲೆ ಎಷ್ಟು ಕಡಿಮೆಯೆಂದರೆ ಅನುಮಾನಿಸುತ್ತ ಕೂರುವ ಬದಲು ಹೊಸದನ್ನು ಹಾಕಿಬಿಡುವುದೇ ಲೇಸು. ಕಾರು ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆದು ನೋಡಬೇಕು. ಬುಸ್ಸೆಂದು ಗಾಳಿ ಒಳಗೆ ಹೋಗಿ, ಆಮೇಲೆ ಕಾರು ಸಲೀಸಾಗಿ ಸ್ಟಾರ್ಟ್ ಆದರೆ, ಕಟ್ಟಿಕೊಂಡಿರುವುದು ಟ್ಯಾಂಕಿಗೆ ಗಾಳಿ ಬರುವ ದಾರಿ, ಪಂಪು ನಿರಪರಾಧಿ. ಸುಡುಬಿಸಿಲಲ್ಲಿ ಮಾತ್ರ ನಿಲ್ಲುವ ಕಾರಿಗೆ ಬೇರೆಯದೇ ಕಾರಣವಿರಬಹುದು. ಪೆಟ್ರೋಲಿನ ಹಗುರವಾದ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಇಂಜಿನ್ನಿನ ಕಾವಿಗೆ ಬಿಸಿಯಾದ ಪಂಪಿನಲ್ಲಿ, ಅದೂ ಎಳೆತದಿಂದ ಒತ್ತಡ ಇಳಿದಿರುವಾಗ, ಅವು ಆವಿಯಾಗಿ ದಾರಿಗಡ್ಡ ನಿಲ್ಲುತ್ತವೆ. ಪಂಪು ಆವಿಯನ್ನು ಹಿಗ್ಗಿಸಿ ಕುಗ್ಗಿಸುತ್ತದೆಯೇ ಹೊರತು ಮುಂದಕ್ಕೆ ಸಾಗಿಸಲಾರದು. ಘಾಟಿಯಲ್ಲಿ ಒದ್ದೆ ಟವೆಲ್ಲು ಮಾಡುತ್ತಿದ್ದ ಉಪಕಾರ ಆ ಆವಿಯನ್ನು ಮತ್ತೆ ದ್ರವವಾಗಿಸುವುದು. ಹೊಸ ಪಂಪಿಗೂ ಈ ಕಾಟ ತಪ್ಪಿದ್ದಲ್ಲ. ಆದರೆ ಹಿಂದಿಲ್ಲದ ಕಾಟ ಈಗ ಪದೇ ಪದೇ ಬರುತ್ತಿದ್ದರೆ ಪಂಪು ಬಲಹೀನವಾಗಿದೆ ಎಂಬ ಸೂಚನೆಯೂ ಅದರಲ್ಲಿರುತ್ತದೆ.

ಇಷ್ಟೆಲ್ಲ ದಾಟಿದ ಮೇಲೆ ಪಂಪಿನ ನೇರ ಪರೀಕ್ಷೆ. ಇಂಜಿನ್ನು ಪೂರ್ತಿ ತಣ್ಣಗಿರುವಾಗ, ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ಲಿನ ಸಣ್ಣ ವೈರನ್ನು ಕಳಚಿ ಕಿಡಿ ಬಾರದಂತೆ ಮಾಡಬೇಕು. ಕಾರ್ಬೊರೇಟರಿಗೆ ಹೋಗುವ ಪೈಪನ್ನು ಬಿಡಿಸಿ, ಅದಕ್ಕೊಂದು ಉದ್ದನೆಯ ಪೈಪು ಜೋಡಿಸಿ, ಇಂಜಿನ್ನಿನಿಂದ ದೂರವಿರುವ ಪೆಟ್ರೋಲು ಡಬ್ಬಿಯೊಳಗೆ ಇಳಿಬಿಡಬೇಕು. ಒಬ್ಬರು ಹತ್ತು ಸೆಕೆಂಡು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಡಬ್ಬಿಯನ್ನು ನೋಡಬೇಕು. ಹಾಲು ಕರೆಯುವಾಗ ಕೆಚ್ಚಲಿನಿಂದ ಚಿಮ್ಮುವಂತೆ, ಬಿಟ್ಟುಬಿಟ್ಟು, ಬಿಗಿಯಾಗಿ ಪೆಟ್ರೋಲು ಚಿಮ್ಮಿದರೆ ಪಂಪು ಗಟ್ಟಿಯಾಗಿದೆ. ತೊಟ್ಟಿಕ್ಕಿದರೆ ಅಥವಾ ಗುಳ್ಳೆ ಗುಳ್ಳೆಯಾಗಿ ಬಂದರೆ, ತಪ್ಪು ಪಂಪಿನದೋ ಟ್ಯಾಂಕಿನ ಕಡೆಯ ಪೈಪಿನದೋ ಎಂದು ಬೇರ್ಪಡಿಸಬೇಕು. ಅದಕ್ಕೆ ಪಂಪಿನ ಒಳಬಾಯಿಗೆ ಗಟ್ಟಿಮುಟ್ಟಾದ ಬೇರೊಂದು ಪೈಪು ಸಿಕ್ಕಿಸಿ, ಅದರ ತುದಿಯನ್ನು ನೇರವಾಗಿ ಪೆಟ್ರೋಲಿರುವ ಇನ್ನೊಂದು ಡಬ್ಬಿಯಲ್ಲಿ ಮುಳುಗಿಸಿ ಅದೇ ಪರೀಕ್ಷೆ ಮಾಡುವುದು. ಈಗ ಚಿಮ್ಮಿದರೆ ತಪ್ಪು ಹಿಂದಿನ ಪೈಪಿನಲ್ಲಿ ಅಥವಾ ಟ್ಯಾಂಕಿನಲ್ಲಿ. ಈಗಲೂ ತೊಟ್ಟಿಕ್ಕಿದರೆ ಪಂಪಿನಲ್ಲಿ. ನಾನು ಅಂದು ಮಾಡದೆ ಬಿಟ್ಟ ಪರೀಕ್ಷೆ ಇದೇ.

ಬಿಡಿಭಾಗ ಕೊಳ್ಳಲು ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋಗುವುದು ವಾಡಿಕೆ, ಬೇರೆ ಊರುಗಳಲ್ಲಿ ಬಸ್ ನಿಲ್ದಾಣದ ಆಸುಪಾಸಿನ ಆಟೊಮೊಬೈಲ್ ಅಂಗಡಿಗಳೇ ಗತಿ. ಹಳೆಯ ಪಂಪನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುವುದು ಒಳ್ಳೆಯದು. ಬೋಲ್ಟಿನ ತೂತುಗಳ ಅಂತರ, ತೋಳಿನ ಉದ್ದ ಮತ್ತು ಬಾಗು, ಪೈಪು ಮೂತಿಗಳ ಸಂಖ್ಯೆ ಮೂರೂ ಒಂದೇ ಇರಬೇಕು. ಟ್ಯಾಂಕಿಗೆ ಹೆಚ್ಚುವರಿ ಪೆಟ್ರೋಲು ಹಿಂದಿರುಗುವ ಮೂರನೆಯ ಮೂತಿ ನಿಮ್ಮ ಪಂಪಿನಲ್ಲಿದ್ದರೆ ಹೊಸದರಲ್ಲೂ ಇರಲೇಬೇಕು. ಅಂಚಿನ ಸುತ್ತ ಸ್ಕ್ರೂ ಇರುವ ಹಳೆಯ ಪಂಪನ್ನು ಬಿಚ್ಚಿ ಪೊರೆ ಮಾತ್ರ ಬದಲಿಸಬಹುದು. ಅಂಚು ಮಡಚಿ ಮುಚ್ಚಿದ್ದನ್ನು ಬಿಚ್ಚಲು ಹೋಗಬಾರದು. ಪೈಪು ಕೊಳ್ಳುವಾಗ ಅದರ ಮೈಮೇಲೆ ಎಸ್‌ಎಇ ಜೆ30 ಆರ್9 ಎಂಬ ಅಚ್ಚು (ಪೆಟ್ರೋಲ್ ಪೈಪಿನ ಒಂದು ಗುಣಮಟ್ಟದ ಗುರುತು) ಇದೆಯೇ ನೋಡಿ. ಹಳದಿಗಟ್ಟಿ ಗಾಜಿನಂತೆ ಬಿರುಸಾಗುವ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಮಾತ್ರ ಯಾರು ಎಷ್ಟೇ ಹೊಗಳಿದರೂ ಮನೆಗೆ ತರಬೇಡಿ.

ಪೆಟ್ರೋಲನ್ನು ನಾವು ದಿನಾ ನೋಡುವುದರಿಂದ ಅದರ ಭಯ ಕಳೆದುಕೊಂಡಿದ್ದೇವೆ. ಸೊನ್ನೆಗಿಂತ 40 ಡಿಗ್ರಿಯಷ್ಟು ಕೆಳಗಿನ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಚದುರದೆ ನೆಲದ ಗುಂಟ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಈ ಕೆಲಸ ತೆರೆದ ಅಂಗಳದ್ದು. ನೆಲಮಾಳಿಗೆಯ ಪಾರ್ಕಿಂಗಿನಲ್ಲೋ, ಪಕ್ಕದಲ್ಲೇ ನೀರೊಲೆ ಉರಿಯುವ ಶೆಡ್ಡಿನಲ್ಲೋ ಮಾಡುವಂಥದ್ದಲ್ಲ. ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಒಂದು ಬಕೆಟ್ ಮರಳು, ಸಾಧ್ಯವಾದರೆ ಪುಡಿಯ ಅಗ್ನಿಶಾಮಕ ಕೈಗೆಟಕುವಂತಿರಬೇಕು. ನೀರು ಹಾಕಿದರೆ ಉರಿಯುವ ಪೆಟ್ರೋಲು ತೇಲಿಕೊಂಡು ಇನ್ನಷ್ಟು ಹರಡುತ್ತದೆ. ಬಾಯಿಂದ ಪೈಪು ಎಳೆದು ಪೆಟ್ರೋಲು ಬರಿಸುವ ಚಾಳಿಯನ್ನು ಹಿರಿಯರು ಮಾಡುತ್ತಿದ್ದರೆಂದು ಮುಂದುವರಿಸಬಾರದು. ಒಂದು ಗುಟುಕು ಶ್ವಾಸಕೋಶಕ್ಕಿಳಿದರೂ ಆಸ್ಪತ್ರೆಯೇ ಗತಿ.

ಬಿಚ್ಚುವಿಕೆ ಹೀಗೆ. ಕಾರು ಸಮನೆಲದಲ್ಲಿರಲಿ, ಮೂತಿ ಇಳಿಜಾರಿಗಿದ್ದರೆ ಪೈಪು ಕಳಚಿದ ಕೂಡಲೇ ಟ್ಯಾಂಕಿನ ಪೆಟ್ರೋಲು ತಾನಾಗಿ ಹರಿದು ಬರುತ್ತದೆ. ಪ್ರತಿ ಪೈಪಿಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಕ್ಲಿಪ್ಪು ಹಿಂದೆ ಸರಿಸಿ, ಪೈಪನ್ನು ಜಗ್ಗದೆ, ಮೊದಲು ತಿರುಚಿ ಅಂಟು ಬಿಡಿಸಿ ಆಮೇಲೆ ಎಳೆಯಬೇಕು. ಟ್ಯಾಂಕಿನ ಕಡೆಯ ಪೈಪಿನ ಬಾಯಿಗೆ ಅಳತೆಯ ಬೋಲ್ಟೊಂದನ್ನು ತುರುಕಿ ಮುಚ್ಚಬೇಕು. ಪಂಪನ್ನು ಇಂಜಿನ್ನಿಗೆ ಹಿಡಿದಿಟ್ಟಿರುವುದು ಎರಡೇ ಬಿಗಿತಗಳು (ನಟ್ಟು ಇಲ್ಲವೇ ಬೋಲ್ಟು). ಅವನ್ನು ಒಂದರ ನಂತರ ಒಂದರಂತೆ ಸ್ವಲ್ಪ ಸ್ವಲ್ಪ ಸಡಿಲಿಸಿ. ಸಡಿಲಿಸುವಾಗ ಪಂಪು ಸ್ಪ್ರಿಂಗಿನ ಬಲಕ್ಕೆ ಎದ್ದು ಬರುತ್ತಿದ್ದರೆ ಕ್ಯಾಮಿನ ಉಬ್ಬು ತೋಳನ್ನು ಒತ್ತಿಕೊಂಡಿದೆ ಎಂದರ್ಥ. ಆಗ ನಾಲ್ಕನೆಯ ಗೇರಿಗೆ ಹಾಕಿ ಕಾರನ್ನು ಕೈಯಿಂದಲೇ ತುಸು ಮುಂದಕ್ಕೆ ತಳ್ಳಿದರೆ ಇಂಜಿನ್ನು ತಿರುಗಿ ಉಬ್ಬು ಸರಿಯುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಟ್ಟಿದ್ದರೆ ತಳ್ಳುವುದು ಹಗುರ. ಈ ಎರಡು ನಿಮಿಷ ಉಳಿಸಲು ಹೋಗಿ ಹೊಸ ಪಂಪನ್ನು ಒತ್ತಡದಲ್ಲೇ ಬಿಗಿದವರು ಸಿಲಿಂಡರ್ ಹೆಡ್ಡಿನ ಅಲ್ಯೂಮಿನಿಯಂ ಮರೆಯನ್ನು (ಬೋಲ್ಟು ಕೂರುವ ತೂತಿನ ಸುರುಳಿ ಗೆರೆಗಳನ್ನು) ಕೊರೆದುಕೊಂಡದ್ದುಂಟು, ಅದರ ರಿಪೇರಿ ಪಂಪಿಗಿಂತ ದುಬಾರಿ.

ಕ್ಯಾಮಿಗೂ ತೋಳಿಗೂ ನಡುವೆ ಬೆರಳುದ್ದದ ಸರಳು ಇರುವ ಇಂಜಿನ್ನುಗಳಲ್ಲಿ, ಪಂಪು ಹೊರಬಂದಾಗ ಆ ಸರಳೂ ಜಾರಿ ಬರಬಹುದು. ಅದನ್ನು ಒರೆಸಿ, ತುದಿ ಸವೆದಿದೆಯೇ ನೋಡಿ, ದಪ್ಪ ಗ್ರೀಸು ಸವರಿ ಮತ್ತೆ ಒಳಗಿಟ್ಟರೆ ಜೋಡಿಸುವವರೆಗೆ ಅಲ್ಲೇ ಅಂಟಿಕೊಂಡಿರುತ್ತದೆ. ಪಂಪಿನ ಅಡಿಯಲ್ಲಿ ತೆಳುವಾದ ಪ್ಯಾಕಿಂಗುಗಳ ಜೊತೆ ದಪ್ಪನೆಯ ಕಪ್ಪು ಬಿಲ್ಲೆಯೊಂದು ಸಿಗುತ್ತದೆ. ಅದು ಕೇವಲ ಪ್ಯಾಕಿಂಗಲ್ಲ. ಇಂಜಿನ್ನಿನ ಕಾವು ಪಂಪಿಗೆ ಏರದಂತೆ ತಡೆಯುವುದು ಅದರ ಒಂದು ಕೆಲಸ. ತೋಳು ಕ್ಯಾಮಿನಿಂದ ಎಷ್ಟು ದೂರದಲ್ಲಿರಬೇಕೆಂದು ನಿರ್ಧರಿಸುವುದು ಇನ್ನೊಂದು. ಅದನ್ನು ಬಿಟ್ಟು ಕೂರಿಸಿದರೆ ತೋಳು ಅತಿಯಾಗಿ ಒತ್ತಿಸಿಕೊಂಡು ಮುರಿಯಬಹುದು. ಸೋರದಿರಲೆಂದು ಎರಡೆರಡು ಪ್ಯಾಕಿಂಗ್ ಹಾಕಿದರೆ ಪೊರೆಯ ಚಲನೆ ಗಿಡ್ಡವಾಗಿ ಹೊಸ ಪಂಪೂ ಹಳೆಯದರಂತೆ ಸೋಮಾರಿಯಾಗುತ್ತದೆ. ಎಷ್ಟು ದಪ್ಪ ಹೊರಬಂತೋ ಅಷ್ಟೇ ದಪ್ಪ ಒಳಗೆ ಹೋಗಬೇಕು. ಹಳೆಯ ಪ್ಯಾಕಿಂಗಿನ ಚೂರುಗಳನ್ನು ಹೆರೆದು ತೆಗೆಯುವಾಗ ಅವು ಇಂಜಿನ್ನಿನೊಳಗೆ ಬೀಳದಂತೆ ಆ ತೂತಿಗೆ ಬನಿಯನ್ ವೇಸ್ಟ್ ತುರುಕಿರಿ, ಜೋಡಿಸುವ ಮೊದಲು ಅದನ್ನು ತೆಗೆಯಲು ಮರೆಯಬೇಡಿ.

ಹೊಸ ಪಂಪಿನ ತೋಳಿಗೆ ಇಂಜಿನ್ ಆಯಿಲು ಸವರಿ, ಎರಡೂ ಬಿಗಿತಗಳನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ಪಂಪು ಸಮನಾಗಿ ಕೂತಿತೆಂದು ಕಂಡ ಮೇಲಷ್ಟೇ ಸ್ಪ್ಯಾನರ್ ಹಿಡಿಯಬೇಕು. ಪೈಪುಗಳನ್ನು ದಾರದ ಗುರುತಿನಂತೆ ಸೇರಿಸಿ, ಕ್ಲಿಪ್ಪು ಹಾಕಿ, ಪ್ಲಗ್ಗು ಬಿಚ್ಚಿದ್ದರೆ ಅವನ್ನೂ ಕೂರಿಸಿ, ಕಾಯಿಲ್ಲಿನ ವೈರನ್ನೂ ಬ್ಯಾಟರಿ ತಂತಿಯನ್ನೂ ಜೋಡಿಸುವ ಮೊದಲು ಚೆಲ್ಲಿದ ಪೆಟ್ರೋಲು ಒರೆಸಿ ಹತ್ತು ನಿಮಿಷ ಆರಲು ಬಿಡಿ. ಪಂಪು ಮತ್ತು ಪೈಪು ಖಾಲಿ ಇರುವುದರಿಂದ ಮೊದಲ ಸಲ ಸೆಲ್ಫ್ ಬಹಳ ಹೊತ್ತು ಹೊಡೆಯಬೇಕಾಗುತ್ತದೆ. ಹತ್ತು ಸೆಕೆಂಡಿಗೊಮ್ಮೆ ಬಿಟ್ಟು ಮೋಟರಿಗೆ ಉಸಿರಾಡಲು ಕೊಡಿ. ಆಯಿಲಿಗೆ ಪೆಟ್ರೋಲು ಬೆರೆತಿದ್ದರೆ ಆಯಿಲನ್ನೂ ಅದರ ಫಿಲ್ಟರನ್ನೂ ಬದಲಿಸಿದ ಮೇಲೆಯೇ ಇಂಜಿನ್ನನ್ನು ಸ್ಟಾರ್ಟ್ ಮಾಡಬೇಕು.

ಇದೆಲ್ಲ ಯಾಕೆ, ಟ್ಯಾಂಕಿನ ಬಳಿ ಒಂದು ಅಗ್ಗದ ಎಲೆಕ್ಟ್ರಿಕ್ ಪಂಪು ಸಿಕ್ಕಿಸಿಬಿಡಿ ಎನ್ನುವವರಿದ್ದಾರೆ. ಒತ್ತಡ ಸರಿಯಾಗಿ ಹೊಂದಿದರೆ ಅದು ಓಡುತ್ತದೆ, ನಿಜ. ಆದರೆ ಇಂಜಿನ್ನು ನಿಂತೊಡನೆ ನಿಲ್ಲುವುದು ಎಸಿ ಪಂಪಿನ ಹುಟ್ಟುಗುಣ. ಅಪಘಾತವಾಗಿ ಪೈಪು ಹರಿದರೂ ಅದು ಪೆಟ್ರೋಲು ಸುರಿಸುತ್ತ ಇರುವುದಿಲ್ಲ. ಕೀಲಿಗೆ ನೇರವಾಗಿ ಕಟ್ಟಿದ ಎಲೆಕ್ಟ್ರಿಕ್ ಪಂಪು ಕೀಲಿ ತಿರುಗಿಸುವವರೆಗೂ ಸುರಿಸುತ್ತಲೇ ಇರುತ್ತದೆ. ಇಂಜಿನ್ನು ನಿಂತರೆ ವಿದ್ಯುತ್ ಕಡಿಯುವ ಸ್ವಿಚ್ಚಿಲ್ಲದೆ ಅದನ್ನು ಹಾಕಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅವಿವೇಕ. ಎಂಪಿಎಫ್‌ಐ ಕಾರುಗಳ ಪಂಪು ಟ್ಯಾಂಕಿನೊಳಗೇ ಪೆಟ್ರೋಲಿನಲ್ಲಿ ಮುಳುಗಿರುತ್ತದೆ, ಪೈಪಿನಲ್ಲಿ 2.5ರಿಂದ 3 ಬಾರ್, ಅಂದರೆ ಎಸಿ ಪಂಪಿನದಕ್ಕಿಂತ ಹಲವು ಪಟ್ಟು, ಒತ್ತಡವಿರುತ್ತದೆ; ಪಂಪಿನ ಫ್ಯೂಸು ತೆಗೆದು ಇಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸದೆ ಪೈಪು ಬಿಚ್ಚಿದರೆ ಮುಖಕ್ಕೇ ಎರಚುತ್ತದೆ. ಅದನ್ನು ಅಂಗಳದ ಕೆಲಸವೆಂದು ನಾನು ಯಾರಿಗೂ ಹೇಳಲಾರೆ.

ಸ್ಟಾರ್ಟ್ ಆದ ಮೇಲೆ ಟಾರ್ಚು ಹಿಡಿದು ಪ್ರತಿ ಸಂದಿಯನ್ನೂ ನೋಡಿ, ಒಣಗಿದ ಬಿಳಿ ಕಾಗದದ ತುಂಡನ್ನು ಪಂಪಿನ ಅಡಿಗೆ ತಾಗಿಸಿ ತೇವ ಹತ್ತುತ್ತದೆಯೇ ಪರೀಕ್ಷಿಸಿ. ಬೆಂಕಿಕಡ್ಡಿಯ ಬೆಳಕಿನಲ್ಲಿ ಇಣುಕಬೇಡಿ, ಹಾಗೆ ಇಣುಕಿದವರೂ ಇದ್ದಾರೆ. ಕಾರು ಬಿಸಿಯಾಗಿ ತಣ್ಣಗಾದ ಮೇಲೆ ಪ್ಯಾಕಿಂಗು ತುಸು ಕುಗ್ಗುವುದರಿಂದ ಮರುದಿನ ಎರಡೂ ಬಿಗಿತಗಳನ್ನು ಇನ್ನೊಮ್ಮೆ ಮುಟ್ಟಿ ನೋಡಬೇಕು. ಮೊದಲ ವಾರ ಪ್ರತಿದಿನ ಬೆಳಗ್ಗೆ ಡಿಪ್‌ಸ್ಟಿಕ್ ಎಳೆದು, ಆಯಿಲಿನ ಮಟ್ಟ ನಿನ್ನೆಯ ಗುರುತಿನಲ್ಲೇ ಇದೆಯೇ, ವಾಸನೆ ಆಯಿಲಿನದೇ ಇದೆಯೇ ನೋಡಿಕೊಳ್ಳಿ.